ಮೊದಲು ಫುಟ್‌ವಾಲ್ವ್ ನೋಡು

ನನ್ನ ಹತ್ತಿರ ಒಂದು ಹಳೇ ಕಾರಿದೆ ಅಂದರೆ ಆಫೀಸಿನಲ್ಲಿ ಎಲ್ಲರೂ ಹತ್ತು ವರ್ಷ ಹಳೇದಿರಬೇಕು ಅಂದುಕೊಳ್ಳುತ್ತಾರೆ. ಅದು 1969ರದ್ದು. ನನಗಿಂತ 17 ವರ್ಷ ದೊಡ್ಡದು. ಹೆಸರು ಎಂಜಿಬಿ. ಎರಡೇ ಸೀಟು, ಮಡಚಿಡುವ ಬಟ್ಟೆಯ ಮಾಡು, ಉದ್ದನೆಯ ಮೂತಿ. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ಇಂಥ 5 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಬಹುಪಾಲು ಹಡಗು ಹತ್ತಿ ಅಮೆರಿಕಕ್ಕೆ ಬಂದವು. ಹಾಗೆ ಬಂದವುಗಳಲ್ಲಿ ಒಂದು, ಸ್ಯಾನ್ ಹೋಸೆಯ ನಿವೃತ್ತರೊಬ್ಬರ ಗ್ಯಾರೇಜಿನಲ್ಲಿ ಎಂಟು ವರ್ಷ ಧೂಳು ತಿಂದು, ಕೊನೆಗೆ ನನ್ನ ಪಾಲಾಯಿತು. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಬಸ್ಸು ಹಿಡಿಯೋಕೆ ಎರಡು ಮೈಲಿ ನಡೆಯುತ್ತಿದ್ದವನಿಗೆ ಸ್ಪೋರ್ಟ್ಸ್ ಕಾರು ಯಾಕೆ ಅಂತ ಕೇಳಬೇಡಿ. ಅಷ್ಟು ನಡೆದಿದ್ದಕ್ಕೇ ಬೇಕಾಯಿತೋ ಏನೋ.

ಈ ಕಾರಿನಲ್ಲಿ ನನಗೆ ತುಂಬ ಇಷ್ಟ ಅದರ ಪೆಟ್ರೋಲ್ ಪಂಪಿನ ಸದ್ದು. ಕೀಲಿ ತಿರುಗಿಸಿದರೆ ಸಾಕು, ಹಿಂದಿನ ಚಕ್ರದ ಹತ್ತಿರ ಎಲ್ಲೋ ಹಲ್ಲಿ ಲೊಚಗುಟ್ಟಿದ ಹಾಗೆ ಟಕ್ ಟಕ್ ಟಕ್ ಅನ್ನುತ್ತೆ. ಒಳಗೊಂದು ವಿದ್ಯುತ್ ಅಯಸ್ಕಾಂತ ಪೊರೆಯನ್ನು ಎಳೆಯುತ್ತೆ, ಸ್ಪ್ರಿಂಗು ಅದನ್ನು ವಾಪಸ್ ತಳ್ಳುತ್ತೆ, ಪೆಟ್ರೋಲು ಮುಂದಕ್ಕೆ ಹೋಗುತ್ತೆ. ಮುಂದೆ ಎರಡು ಕಾರ್ಬ್ಯುರೇಟರ್. ಒಂದೊಂದಕ್ಕೂ ಒಂದು ಪುಟ್ಟ ಬಟ್ಟಲು, ಅದರಲ್ಲಿ ತೇಲುವ ಒಂದು ಬುರುಡೆ. ಬಟ್ಟಲು ತುಂಬಿದಾಗ ಬುರುಡೆ ಮೇಲೆದ್ದು, ಸೂಜಿಯಂಥ ವಾಲ್ವನ್ನು ಒತ್ತಿ ದಾರಿ ಮುಚ್ಚುತ್ತೆ. ಆಗ ಟಕ್ ಟಕ್ ನಿಧಾನವಾಗಿ, ನಿಂತೇ ಹೋಗುತ್ತೆ. ನಮ್ಮ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ಬಾಲ್‌ವಾಲ್ವ್ ಮಾಡೋದೂ ಇದೇ ಕೆಲಸ.

ಕಳೆದ ಬೇಸಿಗೆಯಲ್ಲಿ ಒಂದು ಕಾಯಿಲೆ ಶುರುವಾಯಿತು. ಸಮತಟ್ಟಾದ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಸಾರಟೋಗಾದಿಂದ ಗುಡ್ಡ ಹತ್ತುವ ರಸ್ತೆಯಲ್ಲಿ ನಾಲ್ಕೈದು ಮೈಲಿ ಹೋದ ಮೇಲೆ ಎಂಜಿನ್ ಬಿಕ್ಕಳಿಸಿ ಸಾಯುತ್ತಿತ್ತು. ಎರಡು ನಿಮಿಷ ಸುಮ್ಮನೆ ನಿಲ್ಲಿಸಿದರೆ ಮತ್ತೆ ಸರಿ. ಎಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ ಅನ್ನೋದು ಸ್ಪಷ್ಟವಾಗಿತ್ತು.

ಇಂಜಿನಿಯರ್ ಅಲ್ವಾ, ಲೆಕ್ಕ ಹಾಕಿದೆ. ಸುಮಾರು 95 ಅಶ್ವಶಕ್ತಿಯ ಎಂಜಿನ್. ಪೂರ್ತಿ ತುಳಿದರೆ ಗಂಟೆಗೆ ಹೆಚ್ಚೂಕಮ್ಮಿ 30 ಲೀಟರ್ ಕುಡಿಯುತ್ತೆ. ಅಂದರೆ ನಿಮಿಷಕ್ಕೆ ಅರ್ಧ ಲೀಟರ್. ಕಾರ್ಬ್ಯುರೇಟರಿಗೆ ಹೋಗುವ ಕೊಳವೆ ಬಿಚ್ಚಿ, ಬಾಟಲಿಗೆ ಹಿಡಿದು ಅಳೆದೆ. ಒಂದು ನಿಮಿಷಕ್ಕೆ ಬಂದಿದ್ದು 300 ಮಿಲಿಲೀಟರ್. "ಪಂಪು ಮುದಿಯಾಗಿದೆ" ಅಂತ ತೀರ್ಪು ಕೊಟ್ಟೆ. ಅಂಗಡಿಯಲ್ಲಿ ಎರಡು ಥರದ ಪಂಪು ಇದ್ದವು. ಒಂದರ ಒತ್ತಡ 3 ಪಿಎಸ್‌ಐ, ಇನ್ನೊಂದರದ್ದು 7. ಡಬ್ಬದ ಮೇಲೆ ದೊಡ್ಡದಾಗಿಯೇ ಬರೆದಿತ್ತು, ಅಂಗಡಿಯವರ ತಪ್ಪೇನಿಲ್ಲ. ಅಪ್‌ಗ್ರೇಡ್ ಮಾಡೋದೇ ಆದರೆ ದೊಡ್ಡದನ್ನೇ ಮಾಡೋಣ ಅಂತ 7ರದ್ದನ್ನೇ ತಂದು, ಶನಿವಾರ ಮಧ್ಯಾಹ್ನ ಕಾರಿನಡಿ ಮಲಗಿ ಹಾಕಿದೆ.

ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಅದೇ ಗುಡ್ಡ ಹತ್ತಿದೆ. ಅದೇ ನಾಲ್ಕೈದು ಮೈಲಿ, ಅದೇ ಬಿಕ್ಕಳಿಕೆ. ಸಿಟ್ಟು ಬಂದು ಪಕ್ಕಕ್ಕೆ ನಿಲ್ಲಿಸಿದೆ. ಎಂಜಿನ್ ಹೇಗೋ ಸುಧಾರಿಸಿಕೊಂಡು ನಿಧಾನ ಓಡುತ್ತಿತ್ತು. ಒಂದು ನಿಮಿಷ ಆಗಿರಬೇಕು. ಅವಳು, "ರೀ, ಪೆಟ್ರೋಲ್ ವಾಸನೆ ಬರ್ತಿದೆ" ಅಂದಳು.

"ಹಳೇ ಕಾರು, ಬರುತ್ತೆ."

"ಇಷ್ಟೊಂದಾ?"

ಬಾನೆಟ್ ಎತ್ತಿದೆ. ಬಟ್ಟಲಿನ ಪಕ್ಕದ ಸಣ್ಣ ಕೊಳವೆಯಿಂದ ಪೆಟ್ರೋಲು ಧಾರೆಯಾಗಿ ಸುರಿಯುತ್ತಿತ್ತು. ಎಂಜಿಬಿಯಲ್ಲಿ ಕಾರ್ಬ್ಯುರೇಟರ್ ಮತ್ತು ಹೊಗೆಕೊಳವೆ ಎರಡೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಒಂದರ ಕೆಳಗೆ ಇನ್ನೊಂದು. ಗುಡ್ಡ ಹತ್ತಿ ಕಾದ ಕಬ್ಬಿಣದಿಂದ ಒಂದು ಗೇಣು ದೂರದಲ್ಲಿ ಪೆಟ್ರೋಲು ಬೀಳುತ್ತಿತ್ತು. ಓಡಿ ಬಂದು ಕೀಲಿ ಆರಿಸಿದೆ. ಇಬ್ಬರೂ ದೂರ ಹೋಗಿ ನಿಂತೆವು. ಅವಳು ಬೈಯಲಿಲ್ಲ. "ಪಾಪುನ ಕರ್ಕೊಂಡು ಬರ್ಬೇಕು ಅಂತಿದ್ದೆ ಅಲ್ವಾ" ಅಂತಷ್ಟೇ ಹೇಳಿದಳು. ಟೋಯಿಂಗ್ ಲಾರಿ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ.

ಆಗಿದ್ದಿಷ್ಟು. ಆ ಸೂಜಿ ವಾಲ್ವ್ ತಡೆಯುವುದು ಹೆಚ್ಚೆಂದರೆ 3 ಪಿಎಸ್‌ಐ ಆಸುಪಾಸಿನ ಒತ್ತಡವನ್ನು. ನಮ್ಮ ಕಾರಿನ ಟೈರಿಗೆ ತುಂಬಿಸುವ ಗಾಳಿಯ ಹತ್ತರಲ್ಲಿ ಒಂದು ಭಾಗ. ಇಂಜೆಕ್ಷನ್ ಇರುವ ಇಂದಿನ ಕಾರುಗಳು 40 ಪಿಎಸ್‌ಐಗೂ ಹೆಚ್ಚು ಕೇಳುತ್ತವೆ, ಇದು ಕೇಳುವುದಿಲ್ಲ. 7ರಲ್ಲಿ ತಳ್ಳಿದರೆ ಪುಟ್ಟ ಬುರುಡೆ ಎಷ್ಟು ಒತ್ತಿದರೂ ಬಾಗಿಲು ಮುಚ್ಚಲ್ಲ. ನಿಂತಾಗ ಉಕ್ಕುತ್ತೆ. ಸರಿ, ಆದರೆ ಏರಿನಲ್ಲಿ ಯಾಕೆ ಬಿಕ್ಕುತ್ತೆ? ಅದು ಮಾತ್ರ ಬಗೆಹರಿಯಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ, ವಾಸನೆಯ ಸುದ್ದಿ ಬಿಟ್ಟು ಉಳಿದದ್ದನ್ನು ಅಪ್ಪಯ್ಯನಿಗೆ ಹೇಳಿದೆ.

"ದೊಡ್ಡ ಪಂಪು ಹಾಕಿದೆ ಅಪ್ಪಯ್ಯ, ಆದ್ರೂ ಎಳೀತಿಲ್ಲ."

"ಫುಟ್‌ವಾಲ್ವ್ ನೋಡಿದ್ಯಾ?"

"ಕಾರಿಗೆ ಫುಟ್‌ವಾಲ್ವ್ ಇರಲ್ಲ."

"ಹೀರೂದು ಅಂದ್ಮೇಲೆ ಬಾಯಿ ಅಂತ ಒಂದು ಇರ್ಬೇಕಲ್ಲ ಮಾರಾಯ. ಮೊದ್ಲು ಅದನ್ನ ನೋಡು. ಸುಮ್ನೆ ಪಂಪಿಗೆ ಯಾಕೆ ಬೈತಿ?"

ಬಾವಿಗೆ ಪಂಪ್‌ಸೆಟ್ ಇದ್ದ ಮನೆಯವರಿಗೆ ಇದು ಗೊತ್ತಿರುತ್ತೆ. ನೀರೊಳಗಿನ ಪೈಪಿನ ತುದಿಯಲ್ಲಿ ಜಾಲರಿ ಇರುವ ಫುಟ್‌ವಾಲ್ವ್. ಅಡಿಕೆ ತೋಟದ ಎಲೆ, ಕಸ ಬಂದು ಅದಕ್ಕೆ ಸುತ್ತಿಕೊಂಡರೆ ಮೋಟಾರು ಹೂಂಗುಟ್ಟುತ್ತೆ, ನೀರು ಬರಲ್ಲ. ವಾಲ್ವ್ ಸೋರುತ್ತಿದ್ದರೆ ಅಪ್ಪಯ್ಯ ಪೈಪಿಗೆ ಸಗಣಿ ನೀರು ಹೊಯ್ಯುತ್ತಿದ್ದರು. ಕಸ ಕಟ್ಟಿದ್ದರೆ ಬಾವಿಗೆ ಇಳಿಯುತ್ತಿದ್ದರು. ಮೇಲೆ ಹಗ್ಗ ಹಿಡಿದು ನಿಲ್ಲೋದು ನನ್ನ ಕೆಲಸ. ಹತ್ತು ವರ್ಷ ಹಗ್ಗ ಹಿಡಿದವನು, ನಾಲ್ಕು ವರ್ಷ ಬಿಇ ಓದಿ ಅದನ್ನೇ ಮರೆತಿದ್ದೆ.

ಮುಂದಿನ ವಾರ ಕಾರಿನ ಟ್ಯಾಂಕು ಇಳಿಸಿದೆ. ಎಂಟು ವರ್ಷ ನಿಂತ ಕಾರಿನ ಟ್ಯಾಂಕಿನೊಳಗೆ ತುಕ್ಕಿನ ಚಕ್ಕೆಗಳು, ಅಂಟಾದ ಹಳೇ ಪೆಟ್ರೋಲು. ಹೀರುವ ಕೊಳವೆಯ ಬಾಯಿಗೆ ಚಕ್ಕೆಗಳು ಮೆತ್ತಿಕೊಂಡಿದ್ದವು. ಏರಿನಲ್ಲಿ ಜೋರಾಗಿ ಎಳೆದಾಗ ಅವು ಬಂದು ಅಂಟಿಕೊಳ್ಳುತ್ತವೆ, ಎರಡು ನಿಮಿಷ ನಿಲ್ಲಿಸಿದರೆ ಕೆಳಗೆ ಬೀಳುತ್ತವೆ. ಪಂಪು ದೊಡ್ಡದಾದಷ್ಟೂ ಇನ್ನೂ ಗಟ್ಟಿಯಾಗಿ ಎಳೆದುಕೊಳ್ಳುತ್ತೆ. ನಾನು 300 ಮಿಲಿಲೀಟರ್ ಅಂತ ಅಳೆದದ್ದು ಪಂಪಿನ ಶಕ್ತಿಯನ್ನಲ್ಲ, ಕಟ್ಟಿಕೊಂಡ ಬಾಯಿಯನ್ನು. ಆಫೀಸಿನಲ್ಲಿ ಒಂದು ಕೆಟ್ಟ ಕ್ವೆರಿಯನ್ನು ಸರಿಮಾಡದೆ ಸರ್ವರ್ ಮೇಲೆ ಸರ್ವರ್ ಸೇರಿಸಿದವರನ್ನು ನಾನೇ ಎಷ್ಟು ಸಲ ಆಡಿಕೊಂಡಿಲ್ಲ?

ಟ್ಯಾಂಕು ತೊಳೆಸಿದೆ. ಇಲ್ಲಿನ ಪೆಟ್ರೋಲಿನಲ್ಲಿ 10 ಶೇಕಡ ಎಥೆನಾಲ್ ಇರುತ್ತೆ, ಹಳೇ ರಬ್ಬರ್ ಅದನ್ನು ತಾಳಲ್ಲ. ಹಾಗಾಗಿ ಹೋಸುಗಳನ್ನೆಲ್ಲ ಬದಲಾಯಿಸಿದೆ. ಪಂಪನ್ನೂ ಹೊಸದು ಹಾಕಿದೆ, ಆದರೆ ಹಳೇದರ ತದ್ರೂಪು. ಅದೇ ಟಕ್ ಟಕ್, ಅದೇ ಒತ್ತಡ. ಒಳಗೆ ಸವೆಯುವ ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಸ್ವಿಚ್ಚು. ಜೊತೆಗೆ ಒಂದು ಇನರ್ಷಿಯಾ ಸ್ವಿಚ್. ಎಲ್ಲಾದರೂ ಗುದ್ದಿದರೆ ಅದು ಪಂಪಿನ ಕರೆಂಟು ಕಡಿಯುತ್ತೆ. ಗೇಜ್ ಹಾಕಿ ನೋಡಿದೆ, ಮುಳ್ಳು 3ರ ಹತ್ತಿರ ನಿಂತಿತು. ಬಾಟಲಿಗೆ ಹಿಡಿದೆ, ನಿಮಿಷದೊಳಗೆ ಒಂದು ಲೀಟರ್ ದಾಟಿತು. ಎರಡು ವಾರದ ಮೇಲೆ ಅವಳೇ "ನಾನೂ ಬರ್ತೀನಿ" ಅಂದಳು. ಗುಡ್ಡದ ತುದಿಯವರೆಗೂ ಎಂಜಿನ್ ಒಂದು ಸಲವೂ ಬಿಕ್ಕಲಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಟ್ಯಾಂಕು ತೊಳೆಯುವಾಗಿಂದ ಇನ್ನೊಂದು ಮೋಟಾರು ತಲೆಯಲ್ಲಿ ತಿರುಗುತ್ತಿತ್ತು. 2009ರಲ್ಲಿ, ಕೆಲಸಕ್ಕೆ ಸೇರಿದ ಮರುವರ್ಷ, ನನ್ನ ಮೊದಲ ಬೋನಸ್ಸಿನಲ್ಲಿ ಅಪ್ಪಯ್ಯನಿಗೆ 5 ಎಚ್‌ಪಿ ಮೋಟಾರು ಕೊಡಿಸಿದ್ದೆ. ಬಾವಿಯಲ್ಲಿದ್ದದ್ದು 3 ಎಚ್‌ಪಿ. "ಅದು ಸಾಕಿತ್ತು" ಅಂದಿದ್ದರು. ನಾನು ಕೇಳಲಿಲ್ಲ. ಆಮೇಲೆ ಎಷ್ಟೋ ಸಲ ಊರಿಗೆ ಹೋಗಿದ್ದೇನೆ, ಎರಡೆರಡು ದಿನಕ್ಕೆ. ಬಾವಿಯ ಕಡೆ ಇಣುಕಿರಲಿಲ್ಲ.

"ಆ 5 ಎಚ್‌ಪಿ ಹೇಗಿದೆ ಅಪ್ಪಯ್ಯ?"

ಸ್ವಲ್ಪ ಹೊತ್ತು ಮಾತಿಲ್ಲ. "ಕೊಟ್ಟಿಗೆ ಮೂಲೇಲಿ ಇದೆ. ಗೋಣಿಚೀಲ ಸುತ್ತಿ ಇಟ್ಟಿದ್ದೆ."

"ಯಾವಾಗಿಂದ?"

"ಅದೇ ಬೇಸಿಗೆಯಿಂದ. ಅರ್ಧ ಗಂಟೇಲಿ ಬಾವಿ ಬಸಿದು ಹಾಕ್ತಿತ್ತು ಮಾರಾಯ. ನಮ್ಮ ಒರತೆ ಇರೂದೇ ಇಷ್ಟು. ಮರಳೆಲ್ಲ ಎಳೂಕೆ ಶುರು ಮಾಡ್ತು. ಹಳೇದನ್ನೇ ಕೂರಿಸ್ದೆ."

"ಮಾರಿಬಿಡೋದಲ್ವಾ?"

"ನೀ ಮೊದಲ್ನೇ ದುಡ್ಡಲ್ಲಿ ಕೊಡ್ಸಿದ್ದು. ಮಾರೂಕೆ ಮನಸ್ಸು ಬರ್ಲಿಲ್ಲ."

ನಾನೇನೂ ಹೇಳಲಿಲ್ಲ. ಅವರೇ, "ಬಾವಿ ಎಷ್ಟು ಕೊಡ್ತದೆ ಅಂತ ನೀ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಬಿಡು" ಅಂದರು.

ಈಗ ಏನಾದರೂ ಕಳಿಸುವ ಮುಂಚೆ ಕೇಳುತ್ತೇನೆ. ಮೊನ್ನೆ ಕೇಳಿದಾಗ ಬಹಳ ಯೋಚಿಸಿ ಒಂದೇ ಒಂದು ಹೇಳಿದರು. ಫುಟ್‌ವಾಲ್ವಿನ ಜಾಲರಿ ತುಕ್ಕು ಹಿಡಿದಿದೆಯಂತೆ, ಹೊಸದೊಂದು ಬೇಕಂತೆ.

"ಕಳಿಸ್ಲಾ?" ಅಂದೆ.

"ತೀರ್ಥಹಳ್ಳೀಲೇ ಸಿಗ್ತದೆ. ನೀ ಬಂದಾಗ ಹಗ್ಗ ಹಿಡಿ, ಸಾಕು."