ಹೊರುವವರು ಯಾರು?

ಪ್ರಾಣಿ ಸುಮಾರು 400 ಕಿಲೋ. ಮೂಳೆ ಬಿಡಿಸಿದ ಮೇಲೆ ಮಾಂಸ 150 ಕಿಲೋ ಎಂದಿಟ್ಟುಕೊಳ್ಳೋಣ. ಒಂದು ಸಲಕ್ಕೆ 30 ಕಿಲೋ ಬೆನ್ನಿಗೇರಿಸಿದರೆ ಐದು ಹೊರೆ. ಗಾಡಿ ನಿಲ್ಲಿಸಿದ ಜಾಗ ಮೂರು ಕಿಲೋಮೀಟರ್ ದೂರವಿದ್ದರೆ, ಐದು ಸಲ ಹೊತ್ತು, ನಡುವೆ ನಾಲ್ಕು ಸಲ ಬರಿಬೆನ್ನಲ್ಲಿ ಹಿಂದಿರುಗಿ, ಒಟ್ಟು 27 ಕಿಲೋಮೀಟರ್ ನಡಿಗೆ. ತಲೆ, ಕೊಂಬು, ಡೇರೆ, ಪಾತ್ರೆ ಈ ಲೆಕ್ಕಕ್ಕೆ ಸೇರಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಮೂಸ್ ಬೇಟೆಗೆ ಹೊರಡುವವನ ಅಡುಗೆಮನೆ ಮೇಜಿನ ಮೇಲೆ ಬಂದೂಕಿಗಿಂತ ಮೊದಲು ಕಾಣಿಸಿಕೊಳ್ಳುವುದು ಈ ಲೆಕ್ಕದ ಹಾಳೆ.

ಮೂಸ್ ಜಿಂಕೆಯ ಜಾತಿಯಲ್ಲೇ ದೊಡ್ಡದು. ನಮ್ಮ ಕಡವೆ ಅದರ ಪಕ್ಕ ನಿಂತರೆ ಕರುವಿನಂತೆ ಕಂಡೀತು. ಯುರೋಪಿನವರು ಇದನ್ನೇ ಎಲ್ಕ್ ಎನ್ನುತ್ತಾರೆ. ಅಮೆರಿಕದಲ್ಲಿ ಎಲ್ಕ್ ಎಂದರೆ ಬೇರೆಯೇ ಪ್ರಾಣಿ. ಈ ಗೊಂದಲ ನಿಘಂಟಿನಲ್ಲಷ್ಟೇ ಉಳಿದಿದ್ದರೆ ಚೆನ್ನಾಗಿತ್ತು. ಎಲ್ಕ್ ಎಂದುಕೊಂಡು ಮೂಸ್‌ಗೆ ಗುಂಡು ಹಾಕಿ, ಹತ್ತಿರ ಹೋಗಿ ನೋಡಿ ತಲೆಯ ಮೇಲೆ ಕೈಹೊತ್ತವರು ಕೊಲೊರಾಡೊದಲ್ಲಿ ಹಲವರಿದ್ದಾರೆ.

ಅಲ್ಲಿನ ನಾರ್ತ್ ಪಾರ್ಕ್ ಕಣಿವೆಗೆ 1978-79ರಲ್ಲಿ ಯೂಟಾ ಮತ್ತು ವಯೋಮಿಂಗ್‌ಗಳಿಂದ 24 ಮೂಸ್‌ಗಳನ್ನು ತಂದು ಬಿಟ್ಟರು. ಈಗ ರಾಜ್ಯದಲ್ಲಿ ಸುಮಾರು 3,000 ಇವೆ. ಷಿರಾಸ್ ಎಂಬ ಈ ಉಪಜಾತಿಯ ಹೆಸರು ಬಂದದ್ದು ಜಾರ್ಜ್ ಷಿರಾಸ್ ಅವರಿಂದ. ಬಂದೂಕು ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡು, ರಾತ್ರಿ ದೋಣಿಯಲ್ಲಿ ಕೂತು ಫ್ಲ್ಯಾಶ್ ಹಾಕಿ ಕಾಡುಪ್ರಾಣಿಗಳ ಚಿತ್ರ ತೆಗೆದವರಲ್ಲಿ ಮೊದಲಿಗರು ಅವರು. ಆ ಹೆಸರಿನ ಪ್ರಾಣಿಯನ್ನು ಹೊಡೆಯುವ ಪರವಾನಗಿಗೆ ಈಗ ಜನ ಚೀಟಿ ಎತ್ತಿಸುತ್ತಾರೆ.

ಚೀಟಿ ಎತ್ತುವುದೆಂದರೆ ಲಾಟರಿಯೇ. ಪ್ರತಿ ವಸಂತದಲ್ಲಿ ಅರ್ಜಿ. ಸಿಗದಿದ್ದರೆ ಖಾತೆಗೊಂದು ಪಾಯಿಂಟ್. ಮೂರು ವರ್ಷದ ನಿರಾಸೆ ಜಮೆಯಾದ ಮೇಲೆಯೇ ನಿಜವಾದ ಸ್ಪರ್ಧೆ ಶುರು. ಹತ್ತು ಹದಿನೈದು ವರ್ಷ ಕಾದವರೂ ಇದ್ದಾರೆ. ಗಂಡು ಮೂಸ್ ಒಂದನ್ನು ಹೊಡೆದವನು ಜೀವಮಾನದಲ್ಲಿ ಮತ್ತೆ ಗಂಡಿಗೆ ಅರ್ಜಿ ಹಾಕುವಂತಿಲ್ಲ. ಮದುವೆಯಲ್ಲೂ ಇಷ್ಟು ಬಿಗಿ ಇಲ್ಲ.

ಚೀಟಿ ಎದ್ದ ಮೇಲೆ ನಕಾಶೆ ಹರಡುವ ಕೆಲಸ. ನಾರ್ತ್ ಪಾರ್ಕ್ ಅಂಚಿನ ರೌಟ್ ರಾಷ್ಟ್ರೀಯ ಅರಣ್ಯ ಸಾರ್ವಜನಿಕರದು, ಯಾರು ಬೇಕಾದರೂ ಕಾಲಿಡಬಹುದು. ಆದರೆ ಕಣಿವೆಯ ಹೊಳೆದಂಡೆಗಳಲ್ಲಿ ಖಾಸಗಿ ದನದ ಹುಲ್ಲುಗಾವಲುಗಳಿವೆ. ಮೂಸ್‌ಗೆ ಬೇಲಿ ಲೆಕ್ಕಕ್ಕಿಲ್ಲ, ಬೇಟೆಗಾರನಿಗಿದೆ. ಅದೇ ಅರಣ್ಯದೊಳಗಿನ ಮೌಂಟ್ ಜರ್ಕೆಲ್ ಪ್ರದೇಶಕ್ಕೆ 1964ರ ವನ್ಯಪ್ರದೇಶ ಕಾಯ್ದೆಯ ರಕ್ಷಣೆ. ಅಲ್ಲಿ ಮೋಟಾರು ಇಲ್ಲ, ಸೈಕಲ್ಲೂ ಇಲ್ಲ, ಮಾಂಸ ತಳ್ಳುವ ಕೈಗಾಡಿಯೂ ಇಲ್ಲ. ಕುದುರೆ ಇಲ್ಲವೇ ಸ್ವಂತ ಬೆನ್ನು. ಎತ್ತರವೋ, ಬುಡದ ವಾಲ್ಡೆನ್ ಪೇಟೆಯೇ 8,000 ಅಡಿ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 6,330.

ಹಳೆಯ ಮಲೆನಾಡಿನ ಶಿಕಾರಿಯಲ್ಲಿ ಹಳು ನುಗ್ಗಿದವರೇ ಹೊರಲೂ ಇರುತ್ತಿದ್ದರು, ಪಾಲೂ ಕೇಳುತ್ತಿದ್ದರು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದೆಲ್ಲ ಜಗಲಿಯ ಕತೆಯಾಯಿತು. ಕೊಲೊರಾಡೊದ ಬೇಟೆಗಾರನಿಗೆ ಸಿಕ್ಕರೆ ಒಬ್ಬ ಭಾವಮೈದುನ, ಅದೂ ರಜೆ ಇದ್ದರೆ. ಕೊಂಬು ಮಾತ್ರ ಕಿತ್ತುಕೊಂಡು ಮಾಂಸ ಕೊಳೆಯಬಿಟ್ಟರೆ ಗಂಭೀರ ಅಪರಾಧ. ಮೂಸ್‌ನ ಚರ್ಮ ದಪ್ಪ ಕಂಬಳಿಯಂತೆ, ಒಳಗಿನ ಬಿಸಿ ಬಿಡುವುದೇ ಇಲ್ಲ. ಬಿದ್ದ ಕೂಡಲೇ ಸುಲಿದು, ತೊಡೆಗಳನ್ನು ಬಿಡಿಸಿ, ಗಾಳಿಯಾಡುವ ಬಟ್ಟೆಚೀಲಕ್ಕೆ ತುಂಬಿ ಸ್ಪ್ರೂಸ್ ಮರದ ನೆರಳಿಗೆ ತೂಗುಹಾಕಬೇಕು.

ಆದ್ದರಿಂದ ಆಗಸ್ಟಿನಲ್ಲೇ ಬೆಟ್ಟ ಹತ್ತಿ ದುರ್ಬೀನು ಹಿಡಿದು ಕೂರುತ್ತಾರೆ. ಬೆಳಗಿನ ಮಂಜು ಏಳುವಾಗ ವಿಲ್ಲೋ ಪೊದೆಯ ಮೇಲೆ ಮೊದಲು ಕಾಣುವುದು ಎರಡು ಮೊರದಂಥ ಕೊಂಬು. ಆಮೇಲೆ ಗಂಟಲ ಜೋಲು ಅಲ್ಲಾಡಿಸುತ್ತ, ಮೊಣಕಾಲಮಟ್ಟದ ಕೆಸರಲ್ಲಿ ನಿಧಾನ ಕಾಲೆತ್ತಿಡುವ ದೇಹ. ಹದಿನೈದು ವರ್ಷ ಕಾದವನ ಎದೆ ಬಡಿದುಕೊಳ್ಳುತ್ತದೆ. ಅವನು ದುರ್ಬೀನನ್ನು ಮೆಲ್ಲಗೆ ಪ್ರಾಣಿಯ ಮೇಲಿಂದ ಸರಿಸಿ ಜೌಗು, ಅಡ್ಡಬಿದ್ದ ಮರಗಳು, ಹೊಳೆ, ಅದರಾಚೆಯ ಏರು ಒಂದೊಂದನ್ನೂ ದಾಟಿಸಿ ಗಾಡಿಯವರೆಗೆ ತರುತ್ತಾನೆ. ಜೇಬಿನಿಂದ ಪೆನ್ಸಿಲ್ಲು ತೆಗೆಯುತ್ತಾನೆ. ಆಮೇಲೆ ಎದ್ದು, ರಸ್ತೆಯ ಹತ್ತಿರ ಮೇಯುವ, ಇದಕ್ಕಿಂತ ಚಿಕ್ಕ ಕೊಂಬಿನ ಇನ್ನೊಂದನ್ನು ಹುಡುಕಲು ಇಳಿಯುತ್ತಾನೆ.