ಹಂಪಿಯ ಹರಿಗೋಲು

ಹಂಪಿಯ ಚಕ್ರತೀರ್ಥದ ದಡದಲ್ಲಿ ಬೋರಲು ಹಾಕಿದ ದೊಡ್ಡ ಬುಟ್ಟಿಗಳಂತೆ ಕಾಣುವವೇ ಹರಿಗೋಲುಗಳು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇವು ಆನೆಗೊಂದಿಯ ಬಳಿ 15-20 ಜನರನ್ನು ಹೊತ್ತು ಗಿರಗಿರನೆ ತಿರುಗುತ್ತ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ.

ಆಗ ಹೊರಮೈಗೆ ಚರ್ಮದ ಹೊದಿಕೆ. ಈಗ ಬಿದಿರಿನ ಹೆಣಿಗೆಗೆ ಪ್ಲಾಸ್ಟಿಕ್ ಹಾಳೆ, ಡಾಂಬರು. ಆದರೆ ಆರೈಕೆ ಮಾತ್ರ ತಪ್ಪಿಲ್ಲ. ನೀರಲ್ಲೇ ಬಿಟ್ಟರೆ ಬಿದಿರು ಕೊಳೆಯುತ್ತದೆ, ಬಿಸಿಲಿಗೆ ಡಾಂಬರು ಬಿರಿಯುತ್ತದೆ, ಬಂಡೆ ತಗುಲಿದರೆ ತಳ ಹರಿಯುತ್ತದೆ. ಅದಕ್ಕೇ ಅಂಬಿಗರು ಕೆಲಸ ಮುಗಿದೊಡನೆ ದಡಕ್ಕೆಳೆದು ಒಣಗಿಸುತ್ತಾರೆ, ಬಿರುಕಿಗೆ ಮತ್ತೆ ಡಾಂಬರು ಬಳಿಯುತ್ತಾರೆ.

ಹೊಸಪೇಟೆಯ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆಯೇ ಮುಳುಗುವುದುಂಟು. ಆಗ ಹರಿಗೋಲು ಹೊಳೆಗಿಳಿಯುವಂತಿಲ್ಲ, ಸಂಪಾದನೆಯೂ ಇಲ್ಲ. ಆರೈಕೆ ಮಾತ್ರ ನಿಲ್ಲುವಂತಿಲ್ಲ. ಹತ್ತುವ ಮುನ್ನ ತಳದ ತೇಪೆಗಳನ್ನೊಮ್ಮೆ ನೋಡಿ. ಐದು ಶತಮಾನ ಹರಿಗೋಲನ್ನು ತೇಲಿಸಿದ್ದು ಇಂಥ ದುಡಿಮೆಯೇ.