ಎಚ್ಚರದಲ್ಲಿ ಕಂಡ ಕನಸು

ನಿದ್ರೆಯಲ್ಲಿ ಕನಸು ಕಾಣದವರಿಲ್ಲ. ಆದರೆ ಎಚ್ಚರದಲ್ಲಿದ್ದುಕೊಂಡೇ ಕನಸು ಕಂಡು, ಅದನ್ನೇ ನೊಂದ ಮನಸ್ಸಿಗೆ ಔಷಧವಾಗಿ ಮಾಡಿಕೊಳ್ಳಬಹುದೆಂದರೆ ನಂಬುವವರು ವಿರಳ. ನಾವೂ ನಂಬಿರಲಿಲ್ಲ.

ಕೊಲೆಟ್ ಅಬುಲ್ಕೇರ್ ಮುಸ್ಕಾ ಎಂಬಾಕೆ ೧೯೦೯ರಲ್ಲಿ ಅಲ್ಜೀರಿಯಾ ದೇಶದಲ್ಲಿ ಹುಟ್ಟಿದವರು, ವೈದ್ಯರ ಮಗಳು. ೧೯೪೨ರ ನವೆಂಬರಿನಲ್ಲಿ ಮಿತ್ರಸೈನ್ಯಗಳು ಅಲ್ಜೀರ್ಸಿಗೆ ಬಂದಿಳಿದ ರಾತ್ರಿ, ಅವರ ತಂದೆಯ ಮನೆಯೇ ದೇಶಭಕ್ತರ ಠಾಣ್ಯವಾಗಿದ್ದಿತು. ಮುಂದೆ ಆಕೆ ಜೆರೂಸಲೇಮಿನಲ್ಲಿ ನೆಲೆಸಿ, ೨೦೦೩ರಲ್ಲಿ ತೀರಿಕೊಂಡರು. ದುಃಖಿಗಳು ಆಕೆಯ ಮನೆಗೇ ಬರುತ್ತಿದ್ದರು. ಕಣ್ಣು ಮುಚ್ಚಿ ಉಸಿರನ್ನು ಮೆಲ್ಲನೆ ಬಿಡಬೇಕು. ಆಕೆ ಒಂದೆರಡು ಮಾತಿನಲ್ಲಿ ದಾರಿ ತೋರುವರು. ಕಾಣುವ ಚಿತ್ರ ಮಾತ್ರ ಬಂದವರದೇ. ೧೯೭೪ರಲ್ಲಿ ಆಕೆಯನ್ನು ಕಂಡ ನ್ಯೂಯಾರ್ಕಿನ ಮನೋವೈದ್ಯ ಜೆರಾಲ್ಡ್ ಎಪ್‌ಸ್ಟೈನರು ಶಿಷ್ಯರೇ ಆದರು. ಇದಕ್ಕೂ ಹಿಂದೆ, ೧೯೩೮ರಲ್ಲಿ, ದೆಸ್ವಾಯ್ ಎಂಬ ಫ್ರೆಂಚ್ ಎಂಜಿನಿಯರು ಎಚ್ಚರದ ಕನಸನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ್ದರು. ಸ್ವಪ್ನದ ಅನುಭವವನ್ನು ಆಧರಿಸಿಯೂ ಮನಸ್ಸನ್ನು ನಿಲ್ಲಿಸಬಹುದೆಂಬ ಮಾತು ಪತಂಜಲಿಯ ಯೋಗಸೂತ್ರದಲ್ಲಿಯೇ ಉಂಟು.

ಇದನ್ನೆಲ್ಲ ಓದಿದ್ದ ನಮಗೆ ಬಾಗೂರಿನ ಮನೆಯಲ್ಲಿ ಅದರ ಅರ್ಥವಾಯಿತು. ತಂದೆಯವರು ಆಸ್ಪತ್ರೆಯಲ್ಲಿ ತೀರಿಕೊಂಡು ಮೂರು ತಿಂಗಳಾಗಿದ್ದರೂ ತಾಯಿಗೆ ನಿದ್ರೆಯಿಲ್ಲ, ಕಣ್ಣೀರೂ ಇಲ್ಲ. ವೈದ್ಯರು ಕೊಟ್ಟ ಗುಳಿಗೆಗಳು ನಡೆದಿದ್ದುವು. ಒಂದು ರಾತ್ರಿ ಬಳಿಯಲ್ಲಿ ಕುಳಿತು, "ಅಮ್ಮ, ಕಣ್ಣು ಮುಚ್ಚು. ನಮ್ಮ ಚನ್ನಕೇಶವನ ಗುಡಿಯನ್ನು ನೆನೆಸಿಕೋ" ಎಂದೆವು.

"ಗುಡಿ ಕಾಣೋಲ್ಲಪ್ಪ. ಆ ಮಂಚವೇ ಕಾಣುತ್ತೆ."

ನಮ್ಮ ತಪ್ಪು ನಮಗೆ ಹೊಳೆಯಿತು. ನಮಗೆ ಬೇಕಾದ ಚಿತ್ರವನ್ನು ಆಕೆಯ ಮೇಲೆ ಹೇರಿದ್ದೆವು. "ಮಂಚದ ಆಚೆ ಏನಿದೆ, ಅಮ್ಮ?"

ಬಹಳ ಹೊತ್ತು ಮೌನ. "ಒಂದು ಬಾಗಿಲು."

"ತೆಗೆದು ನೋಡು."

"ತೋಟ. ನಿಮ್ಮಪ್ಪ ತೆಂಗಿಗೆ ನೀರು ಕಟ್ತಾ ಇದಾರೆ."

"ಕರೆಯುತ್ತೀಯಾ?"

"ಬೇಡ. ನೀರು ಕಟ್ಟೋ ಹೊತ್ತಲ್ಲಿ ಕರೆದರೆ ಅವರಿಗಾಗೋಲ್ಲ" ಎಂದ ತಾಯಿ, ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅತ್ತರು. ಬೆಳಗಿನ ಜಾವಕ್ಕೆ ಕೊಂಚ ನಿದ್ರೆಯೂ ಬಂದಿತು.

ದುಃಖವು ಅಂದಿಗೇ ತೀರಲಿಲ್ಲ. ಗುಳಿಗೆಗಳನ್ನೂ ನಾವು ಬಿಡಿಸಲಿಲ್ಲ. ಭಯವನ್ನು ಕೆರಳಿಸುವ ಚಿತ್ರಗಳೂ ಏಳಬಹುದಾದ ಕಾರಣ, ತೀವ್ರವಾದ ಮನೋವ್ಯಥೆಯುಳ್ಳವರಲ್ಲಿ ಇದನ್ನು ಬಲ್ಲ ವೈದ್ಯರೇ ಮಾಡತಕ್ಕದ್ದು. ನಾವು ಕಲಿತದ್ದಿಷ್ಟೆ: ನೊಂದವರಿಗೆ ಸಮಾಧಾನವನ್ನು ಹೇಳುವ ಮೊದಲು, ಅವರಿಗೆ ಏನು ಕಾಣುತ್ತಿದೆಯೆಂದು ಕೇಳಬೇಕು.